ಒಳ್ಳೆ ಲಿಂಕ್ ಸಿಕ್ಕಾಗ ಏನು ಮಾಡೋದು?

ಪ್ರಶ್ನೆ: ನಮಸ್ಕಾರ ಅಕ್ಕಾ. ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನ್ ಹಿಡಿದು ಓದುತ್ತೇನೆ. ಇತಿಹಾಸ, ಹಕ್ಕಿ, ಹಳೇ ಸಂಗೀತ, ಏನಾದರೂ ಸರಿ. ಚಲೋ ಅನಿಸಿದ ಲಿಂಕನ್ನು ವಾಟ್ಸಾಪಿನಲ್ಲಿ ನನಗೆ ನಾನೇ ಕಳಿಸಿಕೊಳ್ಳುತ್ತೇನೆ, ಆದರೆ ಬೇಕಾದಾಗ ಸಿಗೋದಿಲ್ಲ. ಗೆಳೆಯರ ಗ್ರೂಪಿಗೆ ಹಾಕಿದರೆ ಹೆಬ್ಬೆರಳಿನ ಚಿತ್ರ ಬರುತ್ತೆ, ತೆರೆದು ಓದಿದವರು ಯಾರೂ ಇಲ್ಲ. ಕಳಿಸೋದನ್ನೇ ಬಿಟ್ಟುಬಿಡಲಾ?
– ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಖಂಡಿತ ಬಿಡಬೇಡಿ. ಬರೀ ಲಿಂಕ್ ಕಳಿಸೋದನ್ನು ಮಾತ್ರ ಬಿಡಿ.

ನಿಮ್ಮ ಎರಡೂ ತೊಂದರೆಗೆ ಕಾರಣ ಒಂದೇ, ಲಿಂಕಿನ ಜೊತೆ ನಿಮ್ಮ ಮಾತಿಲ್ಲ. ವಾಟ್ಸಾಪಿನಲ್ಲಿ ಹುಡುಕಿದಾಗ ಅದು ಮೆಸೇಜಿನಲ್ಲಿರುವ ಪದಗಳನ್ನು ನೋಡುತ್ತೆ, ಲಿಂಕ್ ಒತ್ತಿದರೆ ಬರುವ ಇಡೀ ಬರಹವನ್ನಲ್ಲ. ನೀವು ಹುಡುಕೋದು ‘ಹೆಬ್ಬಾತು’ ಅಂತ, ಅಲ್ಲಿರೋದು ಇಂಗ್ಲಿಷಿನ ಒಂದು ಉದ್ದ ವಿಳಾಸ. ಸಿಗೋದು ಹೇಗೆ?

ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತಲ್ಲ, ಅದರ ಬಗ್ಗೆ ನಿಮಗೊಂದು ಒಳ್ಳೆ ಬರಹ ಸಿಕ್ಕಿತು ಅಂತಿಟ್ಟುಕೊಳ್ಳಿ. ಲಿಂಕ್ ಹಾಕಿ, ಅದರ ಕೆಳಗೆ ಹೀಗೆ ಬರೆಯಿರಿ: ‘ಮಾಗಡಿ ಕೆರೆ, ಪಟ್ಟೆತಲೆ ಹೆಬ್ಬಾತು. ಹಿಮಾಲಯ ದಾಟಿ ಚಳಿಗಾಲಕ್ಕೆ ಬರ್ತಾವೆ. ಕೆರೆಯಲ್ಲಿ ತಂಗಿ ಸುತ್ತಲಿನ ಹೊಲಕ್ಕೆ ಮೇಯಲು ಹೋಗ್ತಾವೆ. ಓದಲು ಹತ್ತು ನಿಮಿಷ ಸಾಕು, ನಡುವಿನ ಭಾಗ ಬಿಡಬೇಡ.’ ಇನ್ನೊಂದು ವರ್ಷ ಬಿಟ್ಟು ಹುಡುಕಿದರೂ ‘ಮಾಗಡಿ’ ಅಂದರೆ ಸಾಕು, ಸಿಗುತ್ತೆ. ಇನ್ನು ಇದನ್ನು ಗ್ರೂಪಿಗೆ ಹಾಕಬೇಡಿ, ಶಿರಹಟ್ಟಿ ಕಡೆ ಹೊಲ ಇರುವ ಗೆಳೆಯ ಇದ್ದರೆ ಅವರೊಬ್ಬರಿಗೇ ಕಳಿಸಿ, ಯಾಕೆ ಅವರ ನೆನಪಾಯಿತು ಅಂತಲೂ ಒಂದು ಮಾತು ಬರೆಯಿರಿ. ನೂರು ಜನರ ಗ್ರೂಪಿನಲ್ಲಿ ಬಂದದ್ದು ಯಾರಿಗೋ ಬಂದದ್ದು ಅನಿಸುತ್ತೆ. ತನಗೇ ಅಂತ ಬಂದದ್ದನ್ನು ಜನ ತೆರೆದು ನೋಡ್ತಾರೆ.

ಸಂಗೀತಕ್ಕೂ ಇದೇ ಮಾತು. ಮಲ್ಲಿಕಾರ್ಜುನ ಮನ್ಸೂರರ ಒಂದು ಗಂಟೆಯ ಕಛೇರಿಯ ವಿಡಿಯೊ ಕಳಿಸಿ ಸುಮ್ನೆ ಕೂತರೆ, ಹೊಸಬರು ಮೊದಲ ಎರಡು ನಿಮಿಷ ಕೇಳಿ ಮುಚ್ಚಿಬಿಡಬಹುದು. ‘23ನೇ ನಿಮಿಷದಿಂದ ಕೇಳು’ ಅಂತ ಬರೆಯಿರಿ. ಕಂಪ್ಯೂಟರಿನಲ್ಲಾದರೆ ಯೂಟ್ಯೂಬಿನ ಶೇರ್ ಒತ್ತಿದಾಗ ಎಲ್ಲಿಂದ ಶುರುವಾಗಬೇಕು ಅಂತ ಟಿಕ್ ಮಾಡುವ ಜಾಗವೇ ಇದೆ.

ಫಾರ್ವರ್ಡ್ ಬಟನ್ ಕೂಡ ಒತ್ತಬೇಡಿ. ಐದಾರು ಕೈ ದಾಟಿ ಬಂದ ಮೆಸೇಜಿಗೆ ವಾಟ್ಸಾಪ್ ಜೋಡಿ ಬಾಣದ ಗುರುತು ಹಾಕುತ್ತೆ, ಅದನ್ನು ಕಂಡ ಕೂಡಲೇ ಇದೂ ಅಂಥದ್ದೇ ಅಂತ ಜನ ಮುಂದಕ್ಕೆ ಹೋಗ್ತಾರೆ. ಮೂಲ ಪುಟ ತೆರೆದು, ಕೊನೆವರೆಗೂ ಓದಿ, ಅಲ್ಲಿಂದಲೇ ಲಿಂಕ್ ಕಾಪಿ ಮಾಡಿ.

ಇಟ್ಟುಕೊಳ್ಳೋದಕ್ಕೆ ನನ್ನ ಸಲಹೆ ಒಂದು ಗೂಗಲ್ ಶೀಟ್. ತಾರೀಕು, ಲಿಂಕ್, ಯಾವುದರ ಬಗ್ಗೆ, ಯಾಕೆ ಇಷ್ಟವಾಯಿತು, ಅಷ್ಟೇ. ಲಿಂಕ್ ಕೂಡಿಡಲೆಂದೇ ಇರುವ ಆ್ಯಪ್‌ಗಳು ಚೆನ್ನಾಗಿಯೇ ಇರ್ತಾವೆ, ಆದರೆ ನಂಬಿಕೊಂಡು ಕೂರುವ ಹಾಗಿಲ್ಲ. ಬೇರೆ ಬೇರೆ ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ಓದಲು ಇದ್ದ ಗೂಗಲ್ ರೀಡರ್ ಕೂಡ 2013ರಲ್ಲಿ ಮುಚ್ಚಿತು. ಫೈರ್‌ಫಾಕ್ಸ್‌ನ ಮೊಜಿಲ್ಲಾದವರ ಪಾಕೆಟ್ 2025ರ ಜುಲೈನಲ್ಲಿ ನಿಂತುಹೋಯಿತು. ಶೀಟ್ ಆದರೆ ಯಾವಾಗ ಬೇಕಾದರೂ ಒಂದು ಫೈಲ್ ಮಾಡಿ ಇಳಿಸಿಕೊಳ್ಳಬಹುದು, ತಿಂಗಳಿಗೊಮ್ಮೆ ಹಾಗೆ ಮಾಡಿ.

ಪ್ರಶ್ನೆ: ಅಕ್ಕಾ, ನಾನು ಶಾಲಾ ಶಿಕ್ಷಕಿ. ಬ್ಯಾಡಗಿ ಮೆಣಸಿನಕಾಯಿ ಬಗ್ಗೆ ಒಂದು ಒಳ್ಳೆ ಬರಹದ ಲಿಂಕ್ ಬರೆದಿಟ್ಟಿದ್ದೆ. ಈಗ ಮಕ್ಕಳಿಗೆ ತೋರಿಸೋಣ ಅಂದರೆ ಪುಟವೇ ಇಲ್ಲ ಅಂತ ಬರುತ್ತೆ. ಏನಾದರೂ ದಾರಿ ಇದೆಯಾ?
– ಒಬ್ಬ ಶಿಕ್ಷಕಿ, ಹಾವೇರಿ

ಉತ್ತರ: ಇದೆ ಮೇಡಂ, ಹಳೇ ವಿಳಾಸ ಇದ್ದರೆ ಮೊದಲು ‘ವೇಬ್ಯಾಕ್ ಮಷೀನ್’ ಅನ್ನೋ ತಾಣ ನೋಡಿ. ಅದನ್ನು ನಡೆಸುವ ಇಂಟರ್ನೆಟ್ ಆರ್ಕೈವ್ ಅನ್ನೋ ಲಾಭದಾಸೆಯಿಲ್ಲದ ಸಂಸ್ಥೆ 1996ರಿಂದ ಜಾಲದ ಪುಟಗಳ ಪ್ರತಿ ತೆಗೆದಿಡ್ತಾ ಬಂದಿದೆ. ವಿಳಾಸ ಹಾಕಿದರೆ ಕ್ಯಾಲೆಂಡರ್ ಕಾಣುತ್ತೆ, ಗುರುತಿರುವ ತಾರೀಕು ಒತ್ತಿದರೆ ಆ ದಿನ ಪುಟ ಹೇಗಿತ್ತೋ ಹಾಗೆ ಬರುತ್ತೆ. ಅಲ್ಲೂ ಇಲ್ಲದಿದ್ದರೆ ತಲೆಬರಹ ನೆನಪಿದ್ದಷ್ಟು ಹಾಕಿ ಹುಡುಕಿ, ಎಷ್ಟೋ ಸಲ ಬರಹ ಅದೇ ತಾಣದಲ್ಲಿ ಬೇರೆ ವಿಳಾಸಕ್ಕೆ ಹೋಗಿರುತ್ತೆ.

ನಿಮ್ಮೊಬ್ಬರದೇ ತೊಂದರೆ ಅಲ್ಲ ಇದು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 2013ರಲ್ಲಿ ಇದ್ದ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದಲ್ಲಿ ಸಿಗದಂತಾಗಿವೆ. ನಮ್ಮ ಊರು, ನಮ್ಮ ಬೆಳೆ, ನಮ್ಮ ಜಾತ್ರೆ ಬಗ್ಗೆ ಬರೆದ ಪುಟಗಳು ಮೊದಲೇ ಕಮ್ಮಿ, ಒಂದು ಹೋದರೆ ಅದರ ಜಾಗಕ್ಕೆ ಇನ್ನೊಂದು ಇರೋದೇ ಇಲ್ಲ. ಹಾಗಾಗಿ ಒಳ್ಳೆ ಪುಟ ಕಂಡ ದಿನವೇ ವೇಬ್ಯಾಕ್ ಮಷೀನಿನಲ್ಲಿ ಅದರ ವಿಳಾಸ ಹಾಕಿ ‘ಸೇವ್ ಪೇಜ್’ ಒತ್ತಿಬಿಡಿ. ಅದು ಎಲ್ಲರಿಗೂ ಉಳಿಯುತ್ತೆ. ಲಾಗಿನ್ ಆದರೆ ಮಾತ್ರ ಕಾಣುವ ಪುಟಗಳಿಗೆ ಇದು ನಡೆಯಲ್ಲ, ಅವನ್ನು ಫೋನಿನ ಪ್ರಿಂಟ್‌ಗೆ ಹೋಗಿ ಪಿಡಿಎಫ್ ಮಾಡಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆ ಪಿಡಿಎಫ್ ನಿಮ್ಮ ಓದಿಗೆ ಮಾತ್ರ. ಪುಟ ಬದುಕಿರುವಷ್ಟು ದಿನ ಬೇರೆಯವರಿಗೆ ಲಿಂಕನ್ನೇ ಕೊಡಿ. ಕಷ್ಟಪಟ್ಟು ಬರೆದವರ ಮನೆಬಾಗಿಲಿಗೇ ಓದುಗರು ಹೋಗಲಿ, ಅಲ್ವಾ?

ಪ್ರಶ್ನೆ: ಕನ್ನಡ ವಿಕಿಪೀಡಿಯದ ಲಿಂಕ್ ಕಳಿಸಿದರೆ ಶೇಕಡಾ ಗುರುತು, ಅಂಕಿ, ಇಂಗ್ಲಿಷ್ ಅಕ್ಷರ ಸೇರಿ ಮಾರುದ್ದ ಬರುತ್ತೆ. ನಮ್ಮ ಕಾಕಾ ‘ಇದು ವೈರಸ್, ಒತ್ತಬೇಡ’ ಅಂದರು. ಹೌದಾ?
– ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಲ್ಲಮ್ಮ, ಅದು ಕನ್ನಡವೇ. ವಿಳಾಸದಲ್ಲಿ ಬೇರೆ ಲಿಪಿ ಬಂದರೆ ಅದನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ಬದಲಾಯಿಸಿ ಕಳಿಸುತ್ತಾರೆ. ಕನ್ನಡದ ಒಂದೊಂದು ಗುರುತಿಗೂ ಒಂಬತ್ತು ಚಿಹ್ನೆ ಬೇಕು. ‘ಧಾರವಾಡ’ ನಮಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ ಎರಡು ದೀರ್ಘ ಬೇರೆಯಾಗಿ ಸೇರಿ ಆರು. ಆರೊಂಬತ್ಲೆ 54, ಅದಕ್ಕೇ ಅಷ್ಟುದ್ದ.

ಕಾಕಾ ಎಚ್ಚರ ವಹಿಸಿದ್ದು ಮಾತ್ರ ಸರಿ. ಯಾವ ಲಿಂಕೇ ಇರಲಿ, ಶುರುವಿನ ಎರಡು ಓರೆಗೀಟು ಆದ ಮೇಲೆ ಮುಂದಿನ ಓರೆಗೀಟಿನವರೆಗೆ ಏನಿದೆ ನೋಡಿ, ಅದು ತಾಣದ ಹೆಸರು. ಅದು ವಿಕಿಪೀಡಿಯದ್ದೇ ಆಗಿದ್ದರೆ ಮುಂದಿನ ಉದ್ದಕ್ಕೆ ಹೆದರಬೇಕಿಲ್ಲ. ಉದ್ದ ಬೇಡ ಅನಿಸಿದರೆ ಕಂಪ್ಯೂಟರಿನಲ್ಲಿ ವಿಕಿಪೀಡಿಯ ಪುಟದ ಉಪಕರಣಗಳ ಪಟ್ಟಿಯಲ್ಲಿ ಚಿಕ್ಕ ಲಿಂಕ್ ಕೊಡುವ ಸೌಲಭ್ಯ ಇದೆ. ಅದು ವಿಕಿಪೀಡಿಯ ಮತ್ತು ಅದರ ಸೋದರ ತಾಣಗಳಿಗೆ ಮಾತ್ರ ಹೋಗುತ್ತೆ, ಬೇರೆ ಎಲ್ಲಿಗೂ ಒಯ್ಯಲ್ಲ. ಅದನ್ನೇ ಕಳಿಸಿ, ಜೊತೆಗೆ ಪುಟದ ಹೆಸರು ಕನ್ನಡದಲ್ಲಿ ಬರೆಯಿರಿ. ಆಗ ಕಾಕಾ ಅವರೂ ಧೈರ್ಯವಾಗಿ ಒತ್ತಬಹುದು.