ಪ್ರತಿಕ್ರಿಯೆ: ಡಿಟಿಎಚ್ ಬಿಲ್ ಜಾಸ್ತಿ ಬರುತ್ತಿದೆ, ಓಟಿಟಿಗೆ ಹೋದರೆ ಅಮ್ಮನ ಧಾರಾವಾಹಿ ತಪ್ಪುತ್ತದಾ?

ಬಿಲ್ ಏರಲು ಕಾರಣ ಬಹುಶಃ ನೀವು ಯಾರೂ ನೋಡದ ಚಾನೆಲ್‌ಗಳ ಪ್ಯಾಕ್. ನಿಮ್ಮ ಬಿಲ್ ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು ಅಮ್ಮ ತಪ್ಪದೆ ನೋಡುವ ಧಾರಾವಾಹಿಗಳನ್ನು ಬರೆದುಕೊಳ್ಳಿ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣದವು ಜಿಯೋಹಾಟ್‌ಸ್ಟಾರ್‌ನಲ್ಲಿವೆ. ಜೀ ಕನ್ನಡದವು ಜೀ5ನಲ್ಲಿ, ಉದಯದವು ಸನ್ ನೆಕ್ಸ್ಟ್‌ನಲ್ಲಿ. ಮೂರನ್ನೂ ಕೊಂಡರೆ ಉಳಿತಾಯ ಎಲ್ಲಿ ಬಂತು, ಅಲ್ವಾ? ಹೆಚ್ಚು ನೋಡುವ ಒಂದನ್ನೇ ಆರಿಸಿ. ಸುಮ್ನೆ ವರ್ಷದ ಹಣ ಕಟ್ಟಬೇಡಿ, ಇರುವುದರಲ್ಲಿ ಚಿಕ್ಕ ಅವಧಿಯದು ಸಾಕು. ಮೊಬೈಲ್‌ಗೆ ಮಾತ್ರ ಎಂದಿರುವ ಅಗ್ಗದ ಪ್ಲಾನ್ ಟಿವಿಯಲ್ಲಿ ಓಡುವುದಿಲ್ಲ, ಇದನ್ನು ದಯವಿಟ್ಟು ನೋಡಿಕೊಳ್ಳಿ.

ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದಿದ್ದರೆ ದಿನದ 2 ಜಿಬಿ ಮೊಬೈಲ್ ಡೇಟಾ ಸಂಜೆಯೊಳಗೆ ಮುಗಿಯಬಹುದು. ಹಾಗಿದ್ದರೆ ಡಿಟಿಎಚ್‌ನಲ್ಲೇ ಬೇಕಾದ ಚಾನೆಲ್ ಮಾತ್ರ ಬಿಡಿಬಿಡಿಯಾಗಿ ಆರಿಸಿಕೊಳ್ಳಿ. ಚಂದನ ಸಾಕೆಂದರೆ ಡಿಡಿ ಫ್ರೀ ಡಿಶ್ ಹಾಕಿಸಿ, ಅದಕ್ಕೆ ತಿಂಗಳ ಶುಲ್ಕವಿಲ್ಲ.