ಒಂದು ವರ್ಷ ಬೆವರು ಸುರಿಸಿದರೂ ಟ್ರಯಥ್ಲಾನ್ ಸಮಯ 4 ನಿಮಿಷ ಮಾತ್ರ ಕಡಿಮೆಯಾಯಿತು. ನನ್ನ ಶ್ರಮ ದಂಡವಾಯಿತೇ?

ದಂಡ ಆಗಿಲ್ಲ. ನನಗೂ ಕಳೆದ ವರ್ಷ ಸರಿಯಾಗಿ 4 ನಿಮಿಷವೇ ಕಡಿಮೆಯಾದದ್ದು. 1.5 ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟದ ಒಲಿಂಪಿಕ್ ದೂರ. ಮೊದಲ ಸಲ 3 ಗಂಟೆ 30 ನಿಮಿಷ, ಎರಡನೇ ಸಲ 3 ಗಂಟೆ 26. ಮನೆಗೆ ಬಂದು ಎರಡು ದಿನ ಸೈಕಲ್ ಮುಟ್ಟಲಿಲ್ಲ.

ಮೂರನೇ ದಿನ ಒಟ್ಟು ಸಮಯ ಬದಿಗಿಟ್ಟು ಒಂದೊಂದನ್ನೇ ನೋಡಿದೆ. ಈಜು ಎರಡೂ ವರ್ಷ 44 ನಿಮಿಷ. ನಡುವೆ ಬಟ್ಟೆ, ಶೂ ಬದಲಾಯಿಸುವ ಹೊತ್ತೂ ಅಷ್ಟೇ, 8 ನಿಮಿಷ. ಸೈಕಲ್ 93ರಿಂದ 85ಕ್ಕೆ ಇಳಿದಿತ್ತು. ಓಟ 65ರಿಂದ 69ಕ್ಕೆ ಏರಿತ್ತು!

ಯಾಕೆ ಅಂತ ಅಭ್ಯಾಸದ ಡೈರಿಯಲ್ಲೇ ಇತ್ತು. ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ಇಲ್ಲಿ ಸಮತಟ್ಟು ರಸ್ತೆ ಕಡಿಮೆ, ಬರೀ ಏರು, ಇಳಿತ, ತಿರುವು. ಬೆಳಿಗ್ಗೆ ಬೇಗ ಮುಳ್ಳೇರಿಯ ಕಡೆ ಸೈಕಲ್ ಹೊಡೆಯುವುದೆಂದರೆ ನನಗೆ ಪ್ರಾಣ. ಹಾಗಾಗಿ ವಾರಕ್ಕೆ ನಾಲ್ಕು ದಿನ ಅದೇ. ಓಟ ಒಂದು ದಿನ. ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲ ಅಲ್ವಾ, ಈಜೆಲ್ಲ ಚಿಕ್ಕಪ್ಪನ ಅಡಿಕೆ ತೋಟದ ಕೆರೆಯಲ್ಲಿ. ಮುರಕಲ್ಲಿನ ಕೆರೆ, ಈ ದಡದಿಂದ ಆ ದಡಕ್ಕೆ ಸುಮಾರು 20 ಮೀಟರ್. 75 ಸಲ ಹೋದರೆ ಒಂದೂವರೆ ಕಿಲೋಮೀಟರ್. ಆದರೆ ಪ್ರತಿ ಸಲ ಪಾಚಿ ಹಿಡಿದ ಕಲ್ಲಿಗೆ ಕಾಲು ಕೊಟ್ಟು ನೂಕಿದರೆ ಎರಡು ಮೂರು ಮೀಟರ್ ಪುಕ್ಕಟೆ ಸಿಗುತ್ತದೆ. ಕಡಲಲ್ಲಿ ಅದಿಲ್ಲ. ಅಲ್ಲಿ ಆಗಾಗ ತಲೆ ಎತ್ತಿ ತೇಲುಗುರುತು ಎಲ್ಲಿದೆ ಅಂತ ನೋಡಬೇಕು, ಇಲ್ಲವಾದರೆ ಓರೆಯಾಗಿ ಹೋಗಿ ದೂರವೇ ಜಾಸ್ತಿಯಾಗುತ್ತದೆ. ಕೆರೆಯಲ್ಲಿ ನಾನದನ್ನು ಒಂದು ದಿನವೂ ಅಭ್ಯಾಸ ಮಾಡಿರಲಿಲ್ಲ.

ಓಟ ಕೆಟ್ಟದ್ದು ಸೈಕಲ್ಲಿನಿಂದಲೇ. ಕೊನೆಯ 10 ಕಿಲೋಮೀಟರ್ ಗಟ್ಟಿ ಗೇರಿನಲ್ಲಿ ತುಳಿದಿದ್ದೆ. ಇಳಿದು ಶೂ ಕಟ್ಟಲು ಬಗ್ಗಿದರೆ ತೊಡೆ ಕಲ್ಲಾಗಿತ್ತು. ಮೇಲೆ ಕರಾವಳಿಯ ಸೆಕೆ. ಗಾಳಿಯಲ್ಲೇ ನೀರಿನ ಪಸೆ ಇರುವಾಗ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಆರನೇ ಕಿಲೋಮೀಟರಿಗೆ ನಡೆಯತೊಡಗಿದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಂದರೆ ದುಡಿದ ಕಡೆ ಪೂರಾ ಕೂಲಿ ಸಿಕ್ಕಿತ್ತು. ದುಡಿಯದ ಕಡೆ ಸಿಗಲಿಲ್ಲ. ನಿಮ್ಮದೂ ಹೀಗೇ ಇರಬಹುದು. ಇನ್ನೊಂದು, ಒಂದು ವರ್ಷದ ಸಮಯವನ್ನು ಇನ್ನೊಂದಕ್ಕೆ ಸುಮ್ನೆ ಹೋಲಿಸಬೇಡಿ. ನೀರಿನ ಸೆಳೆತ, ಎದುರು ಗಾಳಿ ಎಲ್ಲ ಬೇರೆ ಬೇರೆ ಇರುತ್ತವೆ. ನಿಮ್ಮ ವಯಸ್ಸಿನ ಗುಂಪಿನಲ್ಲಿ ಈಜಿಗೆ ಎಷ್ಟನೆಯವರು, ಓಟಕ್ಕೆ ಎಷ್ಟನೆಯವರು ಅಂತ ನೋಡಿ.

ನಾನೀಗ ಸೈಕಲ್ ಎರಡು ದಿನಕ್ಕೆ ಇಳಿಸಿದ್ದೇನೆ. ಭಾನುವಾರ 30 ಕಿಲೋಮೀಟರ್ ತುಳಿದು ಬಂದವನೇ ಸೈಕಲ್ಲನ್ನು ಗೋಡೆಗೆ ಒರಗಿಸಿ 3 ಕಿಲೋಮೀಟರ್ ಓಡುತ್ತೇನೆ. ಮೊದಲ ಕಿಲೋಮೀಟರ್ ಬೇಕೆಂದೇ ನಿಧಾನ. ಅಮ್ಮ ಅಂಗಳದಲ್ಲಿ ನಿಂತು "ಈಗಷ್ಟೇ ಬಂದದ್ದಲ್ವಾ ಮಾರಾಯ, ಪುನಃ ಎಲ್ಲಿಗೆ?" ಅಂತ ಕೇಳುತ್ತಾರೆ. ಕೆರೆಯಲ್ಲಿ ದಡ ಮುಟ್ಟದೆ ತಿರುಗುತ್ತೇನೆ, ಆಚೆ ದಡದ ತೆಂಗಿನ ಮರವನ್ನೇ ಗುರುತು ಮಾಡಿಕೊಂಡು ತಲೆ ಎತ್ತುತ್ತೇನೆ.

ನಿಮ್ಮ ಎರಡೂ ವರ್ಷದ ಬಿಡಿ ಸಮಯಗಳನ್ನು ಇಲ್ಲಿ ಬರೆಯಿರಿ, ಒಟ್ಟಿಗೆ ನೋಡೋಣ.