ಕರಿಜಿನಿಯಲ್ಲಿ ಒಂದೇ ದಿನ ಮೂರು ಗಾರ್ಜ್ ಬೇಡ, ಬೆಳಿಗ್ಗೆ ಬೇಗ ಇಳಿಯುವುದಂತೂ ಬೇಡವೇ ಬೇಡ

ಜುಲೈ ರಜೆಗೆ ಪರ್ತ್‌ನಿಂದ ಕಾರಿನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕರಿಜಿನಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುತ್ತಿದ್ದೀರಿ. ಆರು ಮತ್ತು ಹತ್ತು ವರ್ಷದ ಮಕ್ಕಳು, ಜೊತೆಗೆ ಊರಿಂದ ಬಂದಿರುವ ಅಪ್ಪ ಅಮ್ಮ. ಅಲ್ಲಿನ ಗಾರ್ಜ್‌ಗಳಲ್ಲಿ, ಅಂದರೆ ಕಡಿದಾದ ಗೋಡೆಯ ಆಳ ಕಮರಿಗಳಲ್ಲಿ, ಹ್ಯಾಂಕಾಕ್, ವೀನೊ, ಡೇಲ್ಸ್ ಮೂರನ್ನೂ ಒಂದೇ ದಿನ ನಡೆದು, ಈಜಿ ಮುಗಿಸಲು ಬಿಸಿಲೇರುವ ಮೊದಲು ಎಷ್ಟು ಗಂಟೆಗೆ ಶುರು ಮಾಡಬೇಕು ಅಂತ ಕೇಳಿದ್ದೀರಿ. ಆ 'ಬಿಸಿಲೇರುವ ಮೊದಲು' ಓದಿ ನನ್ನ ಎದೆ ಝಲ್ಲೆಂದಿತು.

ನಾನು ಸಂಡೂರಿನವಳು. ಬಳ್ಳಾರಿ ಸೀಮೆಯಲ್ಲಿ ಬೆಳೆದವರಿಗೆ ಬಿಸಿಲಿನ ಭಯ ಹೇಳಿಕೊಡಬೇಕಿಲ್ಲ. ಹೊಲದ ಕೆಲಸ ಇರಲಿ, ಗುಡ್ಡ ಹತ್ತುವುದಿರಲಿ, ಹೊತ್ತೇರುವುದರೊಳಗೆ ಮುಗಿಸಬೇಕು. ಕರಿಜಿನಿ ಇರುವ ಪಿಲ್ಬರಾ ಸೀಮೆ ಅಂದರೂ ಕೆಂಪು ಮಣ್ಣು, ಉರಿ ಬಿಸಿಲು ಅಂತಲೇ ಕೇಳಿದ್ದೆ. ಅದಕ್ಕೇ ನಮ್ಮ ಕರಿಜಿನಿ ಪ್ರವಾಸದಲ್ಲಿ ಕತ್ತಲಿರುವಾಗಲೇ ಎಲ್ಲರನ್ನೂ ಎಬ್ಬಿಸಿದೆ. ಕಷ್ಟದ್ದು ಮೊದಲು ಮುಗಿಯಲಿ ಅಂತ ನೇರವಾಗಿ ಹ್ಯಾಂಕಾಕ್‌ಗೆ ಹೊರಟೆವು. ಅಪ್ಪ ಮೇಲೆ ಕಾರಿನ ಹತ್ತಿರ ಉಳಿದರು. ನಾನು, ಯಜಮಾನರು, ಏಳು ವರ್ಷದ ಮಗಳು ಇಳಿದೆವು.

ಹ್ಯಾಂಕಾಕ್ ನಿಜಕ್ಕೂ ಅದ್ಭುತ, ಅದನ್ನು ಅಲ್ಲಗಳೆಯಲ್ಲ. ಕಬ್ಬಿಣದ ಏಣಿ ಇಳಿದು ಸ್ವಲ್ಪ ನಡೆದರೆ ಎರಡೂ ಕಡೆ ಕೆಂಪು ಗೋಡೆ ಹತ್ತಿರ ಬರುತ್ತಾ ಹೋಗುತ್ತದೆ. ಒಂದು ಕಡೆ ನೀರೇ ದಾರಿ. ಈಜಬೇಕು, ಇಲ್ಲ ಗೋಡೆಯ ಅಂಚು ಹಿಡಿದು ಜರುಗಬೇಕು. ಅದು ದಾಟಿದರೆ ಬಯಲು ರಂಗಮಂದಿರದಂಥ ಜಾಗ. ಮುಂದೆ ಸ್ಪೈಡರ್ ವಾಕ್: ಒಂದು ಕೈ ಒಂದು ಕಾಲು ಈ ಗೋಡೆಗೆ, ಇನ್ನೊಂದು ಕೈ ಇನ್ನೊಂದು ಕಾಲು ಆ ಗೋಡೆಗೆ ಕೊಟ್ಟು, ಕೆಳಗೆ ನೀರು ಹರಿಯುತ್ತಿರುವಾಗ ಸಾಗಬೇಕು. ಅದರಾಚೆ ಕರ್ಮಿಟ್ಸ್ ಪೂಲ್.

ನಾವು ಅಲ್ಲಿಯವರೆಗೆ ಹೋಗಲೇ ಇಲ್ಲ.

ಆಗಿದ್ದನ್ನು ಬಿಡಿಸಿ ಹೇಳುತ್ತೇನೆ, ನೀವೂ ಅದೇ ಲೆಕ್ಕ ಹಾಕಿದ್ದೀರಿ ಅಂತ. ಜುಲೈ ಅಲ್ಲಿ ಚಳಿಗಾಲ. ಹಗಲು ಮೇಲೆ 25 ಡಿಗ್ರಿ ಆಸುಪಾಸು ಇದ್ದರೂ ರಾತ್ರಿ ಚೆನ್ನಾಗಿ ಚಳಿ ಹಿಡಿಯುತ್ತದೆ. ಗಾರ್ಜ್‌ಗಳ ಗೋಡೆ ಕೆಲವು ಕಡೆ 100 ಮೀಟರ್ ಎತ್ತರ. ಹ್ಯಾಂಕಾಕ್‌ನಂಥ ಇಕ್ಕಟ್ಟಿನ ಜಾಗಕ್ಕೆ ಬಿಸಿಲು ಇಣುಕುವುದೇ ಮಧ್ಯಾಹ್ನದ ಹೊತ್ತಿಗೆ, ಅದೂ ಸ್ವಲ್ಪ ಹೊತ್ತು. ಹಾಗಾಗಿ ನೀರು ಬಿಸಿಯಾಗುವುದೇ ಇಲ್ಲ. ನಾವು ಇಳಿದದ್ದು ರಾತ್ರಿಯಿಡೀ ತಣ್ಣಗಾದ ಕಲ್ಲು, ತಣ್ಣಗಾದ ಗಾಳಿ, ಅದಕ್ಕಿಂತ ತಣ್ಣಗಿನ ನೀರಿಗೆ. ಮಗಳ ಮೈಮೇಲೆ ಹತ್ತಿಯ ಟೀ ಶರ್ಟು. ಹತ್ತಿ ನೀರು ಹೀರಿಕೊಂಡು ಬಿಡುವುದಿಲ್ಲ, ಮೈಗೆ ಅಂಟಿಕೊಂಡು ಇರುವ ಕಾವನ್ನೆಲ್ಲ ಎಳೆಯುತ್ತದೆ. ಚಿಕ್ಕ ಮೈ ದೊಡ್ಡವರ ಮೈಗಿಂತ ಬೇಗ ತಣ್ಣಗಾಗುತ್ತದೆ. ನನಗೇ ಹಲ್ಲು ಕಟಕಟ ಅನ್ನುತ್ತಿತ್ತು. ಅವಳಿಗೆ ಹೇಗಾಗಿರಬೇಕು ಅಂತ ನಾನು ಯೋಚಿಸಬೇಕಿತ್ತು.

ಇನ್ನೂ ಒಂದು ವಿಷಯ ತಲೆಗೆ ಹೊಳೆದಿರಲಿಲ್ಲ. ಹೋದ ದಾರಿಯಲ್ಲೇ ವಾಪಸ್ ಬರಬೇಕು. ನೀರು ದಾಟಿ ಆಚೆ ಹೋದ ಮೇಲೆ 'ಚಳಿ, ಸಾಕು' ಅಂದರೆ ಅದೇ ನೀರಿಗೆ ಮತ್ತೆ ಇಳಿಯಲೇಬೇಕು. ಬೇರೆ ದಾರಿ ಇಲ್ಲ. ಮಗಳು ಮೊದಲು ನಡುಗಿದಳು, ಅತ್ತಳು. ಆಮೇಲೆ ನಡುಕ ನಿಂತಿತು, ಸುಮ್ಮನಾದಳು. ನಾನು ಸುಧಾರಿಸಿಕೊಂಡಳು ಅಂದುಕೊಂಡೆ. ನಡುಕ ನಿಲ್ಲುವುದು ಒಳ್ಳೆಯ ಲಕ್ಷಣ ಅಲ್ಲ. ಮೈ ಸೋತು, ನಡುಗಿ ಕಾವು ಹುಟ್ಟಿಸುವ ಶಕ್ತಿಯೂ ಇಲ್ಲದಾಗ ಹಾಗಾಗುತ್ತದೆ. ಏಣಿಯ ಹತ್ತಿರ ಬಂದಾಗ ಅವಳ ಬೆರಳು ಮಡಚುತ್ತಲೇ ಇರಲಿಲ್ಲ. ಕಬ್ಬಿಣದ ಮೆಟ್ಟಿಲ ಮೇಲೆ ಅಂಗೈ ಇಡುತ್ತಿದ್ದಳು, ಹಿಡಿಯಲು ಆಗುತ್ತಿರಲಿಲ್ಲ. ಕೊನೆಗೆ ಮೊಣಕೈಯನ್ನೇ ಮೆಟ್ಟಿಲಿಗೆ ಸಿಕ್ಕಿಸಿಕೊಂಡು ಹತ್ತಿದಳು. ಹಿಂದಿನಿಂದ ಯಜಮಾನರು, ಮೇಲಿನಿಂದ ಗುರುತಿಲ್ಲದ ಒಬ್ಬ ಹುಡುಗ ಹಿಡಿದುಕೊಂಡರು. ಆ ಹುಡುಗ ತನ್ನ ಒಣ ಜಾಕೆಟ್ ತೆಗೆದು ಅವಳಿಗೆ ಹೊದಿಸಿದ. ಉಳಿದ ದಿನ ಕಾರಿನ ಹೀಟರ್ ಮುಂದೆ ಕಳೆಯಿತು. ಅದು ಹೋದರೆ ಹೋಗಲಿ. ಮೀನಿನಂತೆ ಈಜುತ್ತಿದ್ದ ಹುಡುಗಿ ಆಮೇಲೆ ಬಹಳ ಕಾಲ ಈಜುಕೊಳಕ್ಕೂ ಇಳಿಯಲಿಲ್ಲ. ನನಗೆ ಈಗಲೂ ಸಂಕಟವಾಗುವುದು ಅದಕ್ಕೆ.

ಅದಕ್ಕೇ ನಿಮ್ಮ ಪ್ರಶ್ನೆಗೆ ಎಷ್ಟು ಗಂಟೆಗೆ ಅಂತ ಉತ್ತರ ಕೊಡಲ್ಲ. ಆ ಪ್ಲಾನನ್ನೇ ಬಿಡಿ. ಜುಲೈನಲ್ಲಿ ಕರಿಜಿನಿಯಲ್ಲಿ ಬಿಸಿಲು ನಿಮ್ಮ ಶತ್ರು ಅಲ್ಲ, ಬಿಸಿಲಿಗೆ ಕಾಯಬೇಕು. ಡೇಲ್ಸ್ ಪಾರ್ಕಿನ ಒಂದು ಕಡೆ, ಹ್ಯಾಂಕಾಕ್ ಮತ್ತು ವೀನೊ ಇನ್ನೊಂದು ಕಡೆ. ನಡುವಿನ ಓಡಾಟಕ್ಕೇ ಎಷ್ಟೋ ಹೊತ್ತು ಹೋಗುತ್ತದೆ, ಒದ್ದೆ ಬಟ್ಟೆಯ ಮಕ್ಕಳನ್ನು ಕೂರಿಸಿಕೊಂಡು. ಮನೆಮಂದಿಗೆಲ್ಲ ಒಂದು ದಿನ ಅಂದರೆ ಡೇಲ್ಸ್ ಒಂದೇ ಸಾಕು.

ನಾವು ಮಾರನೆಯ ದಿನ ಹೋದದ್ದು ಅಲ್ಲಿಗೇ, ಹೊತ್ತೇರಿದ ಮೇಲೆ. ಇಳಿಯಲು ಒಳ್ಳೆಯ ಮೆಟ್ಟಿಲಿದೆ. ಅಪ್ಪನೂ ನಿಂತು ನಿಂತು ಇಳಿದರು. ಕೆಳಗೆ ಫೋರ್ಟೆಸ್ಕ್ಯೂ ಜಲಪಾತ, ಒರತೆಯ ನೀರು, ವರ್ಷವಿಡೀ ಹರಿಯುತ್ತದೆ. ಪಕ್ಕದ ಬಂಡೆ ಮೆಟ್ಟಿಲು ಮೆಟ್ಟಿಲಾಗಿ ಒಡೆದಿದೆ, ಕೂರಲು ಹೇಳಿ ಮಾಡಿಸಿದಂತೆ. ಅಪ್ಪ ಸಂಡೂರಿನ ಗಣಿಯಲ್ಲಿ ದುಡಿದವರು. ಬಂಡೆಯ ಮೇಲಿನ ಕೆಂಪು, ಕಪ್ಪು ಪಟ್ಟೆಗಳನ್ನು ಬೆರಳಲ್ಲಿ ಸವರಿ ನೋಡಿ, "ಇದು ನಮ್ಮೂರ ಕಲ್ಲಲ್ಲವೇನೇ?" ಅಂದರು. ಅವರು ಅಂದದ್ದು ಸರಿಯೇ. ಸಂಡೂರಿನ ಗುಡ್ಡದಲ್ಲೂ ಇದೇ ಜಾತಿಯ ಪಟ್ಟೆ ಕಬ್ಬಿಣದ ಕಲ್ಲಿದೆ. ಕರಿಜಿನಿಯದು ಸುಮಾರು 250 ಕೋಟಿ ವರ್ಷ ಹಳೆಯದು. ಆಗಿನ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಇಳಿದು, ಪದರದ ಮೇಲೆ ಪದರ ಕೂತು ಆದದ್ದು. ಅಪ್ಪ ಅಲ್ಲಿಂದ ಏಳಲೇ ಒಪ್ಪಲಿಲ್ಲ. ನಿಮ್ಮ ಅಪ್ಪ ಅಮ್ಮನಿಗೂ ಅಂಥದ್ದೊಂದು ಜಾಗ, ಕೂರಲು ಹೊತ್ತು ಬೇಕು ಅಲ್ವಾ? ಮೂರು ಗಾರ್ಜ್ ಓಡಿಸಿದರೆ ಅವರಿಗೆ ಸಿಗುವುದು ಬರೀ ಕಾರ್ ಪಾರ್ಕ್.

ಅಲ್ಲಿಂದ ಸ್ವಲ್ಪ ನಡೆದರೆ ಫರ್ನ್ ಪೂಲ್. ಮರದ ಕಟ್ಟೆಯಿಂದ ನೀರಿಗಿಳಿಯಬಹುದು. ಇದು ಅಲ್ಲಿನ ಮೂಲನಿವಾಸಿ ಬಂಜಿಮಾ ಜನರಿಗೆ ಪವಿತ್ರ ಜಾಗ. ಕೂಗಾಡಬೇಡಿ, ಮೇಲಿನಿಂದ ಹಾರಬೇಡಿ, ಸದ್ದಿಲ್ಲದೆ ಇಳಿಯಿರಿ ಅಂತ ಕೇಳಿಕೊಂಡಿದ್ದಾರೆ. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ಒಂದು ಕ್ರಮ ಇಟ್ಟುಕೊಳ್ಳಿ: ನಡಿಗೆ ಮೊದಲು, ಈಜು ಆಮೇಲೆ. ಒಣ ಮೈಯಲ್ಲಿ ಗಾರ್ಜ್ ತಳದಲ್ಲಿ ಮಕ್ಕಳ ಕಾಲು ನಡೆದಷ್ಟು ನಡೆದು, ನೆತ್ತಿಯ ಮೇಲೆ ಬಿಸಿಲು ಬಂದಾಗ ನೀರಿಗಿಳಿಯಿರಿ. ಈಜು ಮುಗಿದ ತಕ್ಷಣ ಒಣ ಬಟ್ಟೆ, ಮೆಟ್ಟಿಲು, ಕಾರು. ಮಕ್ಕಳಿಗೆ ವೆಟ್‌ಸೂಟ್, ಅಂದರೆ ತಣ್ಣೀರಲ್ಲೂ ಮೈ ಬೆಚ್ಚಗಿಡುವ ಈಜುಡುಗೆ, ಪರ್ತ್‌ನಲ್ಲೇ ತೆಗೆದುಕೊಳ್ಳಿ. ಇದೊಂದರಲ್ಲಿ ದುಡ್ಡು ಉಳಿಸಬೇಡಿ. ಚಪ್ಪಲಿ ಬೇಡ, ಒದ್ದೆ ಕಲ್ಲಿನ ಮೇಲೆ ಹಿಡಿತ ಇರುವ ಹಳೆಯ ಶೂ ಹಾಕಿ. ಫ್ಲಾಸ್ಕ್‌ನಲ್ಲಿ ಬಿಸಿ ಹಾಲು, ಡಬ್ಬಿಯಲ್ಲಿ ಮಂಡಕ್ಕಿ ಒಗ್ಗರಣೆ ಇದ್ದರೆ ನೀರಿಂದ ಎದ್ದ ಮಕ್ಕಳು ಕ್ಷಣದಲ್ಲಿ ಸರಿಹೋಗುತ್ತಾರೆ. ಪಾರ್ಕ್ ಒಳಗೆ ಪೆಟ್ರೋಲ್ ಇಲ್ಲ, ಟಾಮ್ ಪ್ರೈಸ್ ಎಂಬ ಊರಿನಲ್ಲಿ ತುಂಬಿಸಿ. ಮ್ಯಾಪಿನಲ್ಲಿ ವಿಟನೂಮ್ ಅಂತ ಹಳೆಯ ಗಣಿ ಊರೊಂದು ಹತ್ತಿರದಲ್ಲೇ ಕಾಣುತ್ತದೆ. ಆ ಕಡೆ ತಿರುಗಲೇಬೇಡಿ. 1966ರವರೆಗೆ ಅಲ್ಲಿ ನೀಲಿ ಆಸ್ಬೆಸ್ಟಾಸ್ ತೆಗೆಯುತ್ತಿದ್ದರು, ಅದರ ಎಳೆ ಇನ್ನೂ ಮಣ್ಣಿನಲ್ಲಿದೆ, ಗಾಳಿಯಲ್ಲಿ ಏಳುತ್ತದೆ, ಉಸಿರಿನೊಳಗೆ ಹೋದರೆ ಅಪಾಯ.

ಮೋಡ ಕಂಡರೆ ಯಾವ ಗಾರ್ಜ್‌ಗೂ ಇಳಿಯಬೇಡಿ. ಎಲ್ಲೋ ದೂರ ಸುರಿದ ಮಳೆ ಇಲ್ಲಿ ಗೋಡೆಯಂತೆ ನುಗ್ಗುತ್ತದೆ. 2004ರಲ್ಲಿ ಹ್ಯಾಂಕಾಕ್‌ನಲ್ಲಿ ಗಾಯಗೊಂಡವರನ್ನು ಕಾಪಾಡಲು ಇಳಿದಿದ್ದ ಜಿಮ್ ರೀಗನ್ ಎಂಬ ಸ್ವಯಂಸೇವಕ ಅಂಥ ಪ್ರವಾಹದಲ್ಲೇ ತೀರಿಕೊಂಡರು. ಕರ್ಮಿಟ್ಸ್ ಆಚೆಯ ರೀಗನ್ಸ್ ಪೂಲ್ ಅವರ ಹೆಸರಿನದೇ.

ಇಷ್ಟಾದ ಮೇಲೂ ಹ್ಯಾಂಕಾಕ್ ನೋಡಲೇಬೇಕು ಅನ್ನಿಸಿದರೆ ಅದಕ್ಕೆ ಬೇರೆ ದಿನ ಇಡಿ. ಮಧ್ಯಾಹ್ನದ ಹೊತ್ತಿಗೆ ನೀವಿಬ್ಬರೂ ಸರದಿಯಲ್ಲಿ ಇಳಿಯಿರಿ. ಹತ್ತು ವರ್ಷದವರು ಚೆನ್ನಾಗಿ ಈಜಿದರೆ ವೆಟ್‌ಸೂಟ್ ಹಾಕಿ ಏಣಿಯವರೆಗೆ ಬರಲಿ, ನೀರು ಮುಟ್ಟಿ ನೋಡಿ ತಾವೇ ತೀರ್ಮಾನಿಸಲಿ. ಆರು ವರ್ಷದ ಮಗು ಬೇಡ. ಮೇಲೆ ಉಳಿದವರು ಅಪ್ಪ ಅಮ್ಮನನ್ನೂ ಚಿಕ್ಕದನ್ನೂ ಆಕ್ಸರ್ ಲುಕ್‌ಔಟ್‌ಗೆ ಕರೆದುಕೊಂಡು ಹೋಗಲಿ, ಹತ್ತಿರದಲ್ಲೇ ಇದೆ. ನಾಲ್ಕು ಗಾರ್ಜ್ ಕೂಡುವ ಜಾಗ ಅಲ್ಲಿಂದ ಕಾಣುತ್ತದೆ, ಯಾರೂ ಒದ್ದೆಯಾಗಬೇಕಿಲ್ಲ.